ಸ್ಪಾನ್ಸರ್‌ಗೆ ಥ್ಯಾಂಕ್ಸ್ ಹೇಳಿದ ರೆಗೆ ಹಾಡು

ಜಮೈಕಾದ ಆ ಹಳೆಯ ರೆಗೆ ಹಾಡನ್ನು ಬೇರೆ ಯಾರು ಹಾಡಿದರೂ ನನಗೆ ಮೈ ಉರಿಯುತ್ತಿತ್ತು. ತುಳಿಸಿಕೊಂಡವರು ತಮ್ಮ ಹಕ್ಕು ಕೇಳಲು ಕಟ್ಟಿದ ಹಾಡು ಅದು. ಆಸ್ಟಿನ್‌ನ ಒಂದು ಬಾರಿನಲ್ಲಿ ಗಿಟಾರಿನವನೊಬ್ಬ ಅದನ್ನು ಜೋಗುಳ ಮಾಡಿ ಹಾಡಿದ. ಪೇರ್ಲ್ಯಾಂಡಿನ ಮದುವೆಯಲ್ಲಿ ಡಿಜೆ ಅದಕ್ಕೆ ಢೋಲು ಸೇರಿಸಿ ಗಂಡಿನ ಕಡೆಯವರನ್ನು ಕುಣಿಸಿದ. ಡಾಲಸ್ ಪಕ್ಕದ ಲಿಟಲ್ ಎಲ್ಮ್‌ನ ನಮ್ಮ ಜಿಮ್ಮಿನಲ್ಲಂತೂ ಟ್ರೆಡ್‌ಮಿಲ್ ಮೇಲೆ ಓಡುವವರಿಗೆ ಹುರುಪು ಬರಲೆಂದು ಅದರದೇ ಇನ್ನೊಂದು ಅವತಾರ. ರಾಗ ಇಟ್ಟುಕೊಂಡು ಸಿಟ್ಟನ್ನು ಮಾತ್ರ ಬಿಸಾಕಿದ್ದಾರೆ ಎಂದು ಮನೆಗೆ ಬಂದು ಗಂಡನ ತಲೆ ತಿನ್ನುತ್ತಿದ್ದೆ. ಅಷ್ಟು ಗೊತ್ತಿದ್ದರೆ ನೀನೇ ಹಾಡು ಎಂದ ಅವನು. ಹಾಡಿದೆ. ಹಾಡಿ ಮಾನ ಕಳೆದುಕೊಂಡೆ.

ನಮ್ಮ ಕನ್ನಡ ಸಂಘದ ಯುಗಾದಿಗೆ ಅದನ್ನು ಕನ್ನಡದಲ್ಲಿ ಮಾಡುವುದೆಂದಾಯಿತು. ಸಂಘದ ಆರ್ಕೆಸ್ಟ್ರಾದಲ್ಲಿ ಕೀಬೋರ್ಡ್ ನುಡಿಸಿ ಹಾಡುವವಳು ನಾನು. ಪಲ್ಲವಿ ಬರೆದೆ, ಚರಣ ಹೊಳೆಯಲಿಲ್ಲ. ಡಾಲಸ್‌ನಲ್ಲಿ ಕೂತು, ಎರಡು ಕಾರಿಟ್ಟುಕೊಂಡು, ಯಾವ ಹಕ್ಕನ್ನು ಕೇಳಲಿ? ಕ್ಯಾರಲ್ಟನ್‌ನಲ್ಲಿರುವ ಹುಬ್ಬಳ್ಳಿ ಕಡೆಯ ಆಂಟಿಯ ಹತ್ತಿರ ಹೀಗೇ ಹೇಳಿಕೊಂಡೆ. ಹಬ್ಬದೂಟಕ್ಕೆ ಹೊರಗಿನ ಅಡುಗೆ ಆಗುವುದಿಲ್ಲ ಎಂಬುದು ನಮ್ಮ ಸಂಘದ ಹೆಚ್ಚುಗಾರಿಕೆ. ಹಾಗಾಗಿ ಆಂಟಿ ಮತ್ತು ಇನ್ನಷ್ಟು ಹೆಂಗಸರು ಬೆಳಕು ಹರಿಯುವ ಮೊದಲೇ ಹಾಲ್‌ನ ಅಡುಗೆಮನೆ ಸೇರುತ್ತಾರೆ. ಕಾರ್ಯಕ್ರಮದಲ್ಲಿ ಒಂದನ್ನೂ ನೋಡುವುದಿಲ್ಲ. ಎಲ್ಲರಿಗೂ ಬಡಿಸಿದ ಮೇಲೆ ಅವರಿಗೆ ಉಳಿಯುವುದು ತಣ್ಣಗಾದ ಅನ್ನ, ತಳದ ಸಾರು. ವೇದಿಕೆಗೆ ಅವರನ್ನು ಯಾರೂ ಕರೆದದ್ದಿಲ್ಲ.

ಆಂಟಿ ಮರುದಿನ ಫೋನಿನಲ್ಲಿ ಚರಣ ಹೇಳಿದರು. ಬಡಿಸುವ ಕೈಗೂ ಹೊಟ್ಟೆ ಇದೆ, ಕೊನೆಯ ಪಂಕ್ತಿಗೂ ಹೋಳಿಗೆ ಬೇಕು, ನಮ್ಮನ್ನೂ ಕೂಡಿಸಿ ಬಡಿಸಿ ಎಂದು ಅದರ ಅರ್ಥ. ರೆಗೆಯ ಲಯಕ್ಕೆ ಹೇಳಿ ಮಾಡಿಸಿದ ಹಾಗಿತ್ತು. ನಮ್ಮ ಗರಾಜಿನ ಪ್ರಾಕ್ಟೀಸಿಗೂ ಬಂದರು, ನಾಚಿಕೊಂಡು ತಾವೇ ಒಮ್ಮೆ ಹಾಡಿ ತೋರಿಸಿದರು. ಈ ಸಲ ನಮ್ಮ ಹಾಡು ಅದ ಎಂದು ಅಡುಗೆಮನೆಯ ಎಲ್ಲರಿಗೂ ಸಾರಿಬಿಟ್ಟಿದ್ದರು.

ಯುಗಾದಿಯ ದಿನ ಅತಿಥಿಗಳ ಭಾಷಣ ಮುಗಿಯಲಿಲ್ಲ, ಶಾಲುಗಳು ಮುಗಿಯಲಿಲ್ಲ. ನಮ್ಮ ಸರದಿ ಬರುವಷ್ಟರಲ್ಲಿ ಅಧ್ಯಕ್ಷರು ಪರದೆಯ ಹಿಂದೆ ಬಂದರು.

"ಅಡುಗೆಮನೆ ಚರಣ ಬಿಟ್ಬಿಡಿ ಮೇಡಂ, ಹಬ್ಬದ ದಿನ ಕಂಪ್ಲೇಂಟ್ ಥರ ಇರುತ್ತೆ. ಅದರ ಬದಲು ಸ್ಪಾನ್ಸರ್‌ಗೆ ಎರಡು ಸಾಲು ಥ್ಯಾಂಕ್ಸ್ ಹಾಕಿ."

ಸ್ಪಾನ್ಸರ್ ಎಂದರೆ ಮನೆ ಮಾರುವ ಏಜೆಂಟ್, ಮುಂದಿನ ಸಾಲಿನಲ್ಲೇ ಕೂತಿದ್ದರು. ಆಗುವುದಿಲ್ಲ ಎನ್ನಬೇಕಿತ್ತು. ಆದರೆ ಹೂಸ್ಟನ್‌ನ ಕನ್ನಡ ಸಮ್ಮೇಳನಕ್ಕೆ ನಮ್ಮ ತಂಡದ ಹೆಸರು ಕಳಿಸುವವರು ಇದೇ ಅಧ್ಯಕ್ಷರು. ಗಂಡನ ಮುಂದೆ ಅಷ್ಟು ಹಾರಾಡುವ ನಾನು ಸರಿ ಸರ್ ಎಂದೆ. ನಿಂತಲ್ಲೇ ಎರಡು ಸಾಲು ಹೊಸೆದೆ. ಪ್ರಾಸ ಚೆನ್ನಾಗಿಯೇ ಕೂತಿತು, ಥೂ, ಅದನ್ನು ನೆನೆದರೆ ಈಗಲೂ ಮುಖ ಮುಚ್ಚಿಕೊಳ್ಳುವ ಹಾಗಾಗುತ್ತದೆ.

ಪಲ್ಲವಿ ಶುರುವಾದಾಗ ಹಾಲ್‌ನ ಪಕ್ಕದ ಬಾಗಿಲು ತೆರೆಯಿತು. ಒಲೆ ಸಣ್ಣ ಮಾಡಿ ಬಂದಿರಬೇಕು, ಅಡುಗೆಮನೆಯ ಹೆಂಗಸರೆಲ್ಲ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಸಾಲಾಗಿ ನಿಂತರು. ಮುಂದೆ ಆಂಟಿ. ಅವರು ನನ್ನ ಮುಖವನ್ನೇ ನೋಡುತ್ತಿದ್ದರು. ನಾನು ಕೀಬೋರ್ಡ್ ನೋಡಿಕೊಂಡು ಏಜೆಂಟರ ಹೆಸರು ಹಾಡಿದೆ. ಹಾಲ್ ಪೂರ್ತಿ ಚಪ್ಪಾಳೆ. ಬಾಗಿಲಲ್ಲಿದ್ದವರೂ ಚಪ್ಪಾಳೆ ತಟ್ಟಿ, ಹಾಡು ನಿಂತ ಮೇಲೂ ತಮ್ಮ ಚರಣ ಇನ್ನೂ ಬಾಕಿ ಇದೆಯೆಂದು ಕಾಯುತ್ತ ನಿಂತೇ ಇದ್ದರು. ಮೈಕಿನಲ್ಲಿ ಊಟಕ್ಕೆ ಏಳಿ ಎಂದು ಕೂಗಿದಾಗ ಬಡಿಸಲು ಒಳಗೆ ಓಡಿದರು.

ಪಂಕ್ತಿಯಲ್ಲಿ ನನ್ನ ಎಲೆಯ ಮುಂದೆ ಹೋಳಿಗೆಯ ತಟ್ಟೆ ಹಿಡಿದು ಬಂದದ್ದು ಆಂಟಿಯೇ.

"ಟೈಮ್ ಸಾಲಲಿಲ್ಲೇನವ್ವಾ?"

ನಾನು ಹೂಂ ಎಂದೆ. ಸುಳ್ಳು ಹೇಳುವ ಕಷ್ಟವನ್ನೂ ಅವರೇ ತಪ್ಪಿಸಿದ್ದರು.

"ಇರಲಿ ಬಿಡು. ಮೊದಲ ಊಟಾ ಮಾಡು, ಆರಿ ಹೋಗ್ತದ."

ಹೋಳಿಗೆ ಬಡಿಸಿ, ಮೇಲೆ ತುಪ್ಪ ಹಾಕಿದರು. ಎದ್ದು ಆ ತಟ್ಟೆಯನ್ನು ಅವರ ಕೈಯಿಂದ ತೆಗೆದುಕೊಳ್ಳಬಹುದಿತ್ತು. ಹಸಿವಾಗಿತ್ತು. ಕೂತು ತಿಂದೆ, ಇನ್ನೊಂದು ಬೇಕಾ ಎಂದಾಗ ಬೇಕು ಎಂದೆ.