ಕೈ ಊರಿದವರಿಗೆ ಚಹಾ ಇಲ್ಲ

ಕಳೆದ ಭಾನುವಾರ, ಬೆಳಿಗ್ಗೆ ಆರು ಗಂಟೆ. ಹಾನಗಲ್ಲಿನ ನಮ್ಮ ಪಡಸಾಲೆಯಲ್ಲಿ ನಾನು ಮತ್ತು ನಮ್ಮ ಓಣಿಯ ರೇಖಾ ಚಾಪೆ ಹಾಸಿ ಕುಳಿತಿದ್ದೆವು. ಒಳಗೆ ಒಲೆಯ ಮುಂದೆ ನೆಲದ ಮೇಲೆ ಕುಳಿತು ನನ್ನ ಹೆಂಡತಿ ರೊಟ್ಟಿ ಬಡಿಯುತ್ತಿದ್ದಳು. ರೇಖಾ ಮ್ಯಾರಥಾನ್ ಓಡುವವಳು. ಆಡೂರಿನ ಹಾದಿಯಲ್ಲಿ ಎಷ್ಟು ಓಡಿದರೂ ದಣಿಯುವುದಿಲ್ಲ. ಆದರೆ ಸೊಂಟ, ತೊಡೆ ಮರದಂತೆ ಬಿಗಿದಿವೆ. ಅದಕ್ಕೇ ನಿವೃತ್ತ ಡ್ರಿಲ್ ಮಾಸ್ತರನಾದ ನಾನು ಅವಳಿಗೆ ಯೋಗ ಕಲಿಸುತ್ತೇನೆ.

ಅಂದಿನ ಪಾಠ, ಚಕ್ಕಳಮಕ್ಕಳ ಕುಳಿತಲ್ಲಿಂದ ಎಲ್ಲೂ ಕೈ ಊರದೆ ಏಳುವುದು. "ಕೈ ಊರಿದವ್ರಿಗೆ ಇವತ್ತ ಚಹಾ ಇಲ್ಲ" ಎಂದು ಕಟ್ಟಪ್ಪಣೆ ಮಾಡಿದೆ. ರೇಖಾ ಅರ್ಧ ಎದ್ದು, ಕೈ ಊರಿ ಪಕ್ಕಕ್ಕೆ ಉರುಳಿದಳು.

"ಸರ್, ನೀವೊಮ್ಮೆ ಮಾಡಿ ತೋರಸ್ರಿ."

ತೋರಿಸಲು ಹೋದೆ. ಮೊಣಕಾಲು ಕಟಕ್ಕೆಂದಿತು, ಕೈ ತಾನಾಗಿಯೇ ಗೋಡೆ ಹಿಡಿಯಿತು. ಅಷ್ಟರಲ್ಲಿ ಹೆಂಡತಿ ಎರಡೂ ಕೈಯಲ್ಲಿ ರೊಟ್ಟಿಬುಟ್ಟಿ ಹಿಡಿದುಕೊಂಡು, ಕುಳಿತಲ್ಲಿಂದ ಸರಕ್ಕನೆ ಎದ್ದು ಬಂದಳು.

"ಮಾಸ್ತರ್ರ, ಗ್ವಾಡಿ ಹಿಡಕೊಂಡು ನಿಂತೀರಲ್ಲ, ಇದು ಯಾವ ಆಸನರಿ?"

ಆರೂವರೆಯ ಚಹಾ ನನಗೆ ನಲವತ್ತು ವರ್ಷಗಳಲ್ಲಿ ಒಮ್ಮೆಯೂ ತಪ್ಪಿರಲಿಲ್ಲ. ಅಂದು ಅವಳೊಬ್ಬಳೇ ಎದುರಿಗೆ ಕುಳಿತು, ಸೊರ್ ಸೊರ್ ಎಂದು ಕುಡಿದಳು. ನಾವಿಬ್ಬರೂ ನೋಡಿದೆವು.

ರೇಖಾ ಅಲ್ಲೇ ಗುರುವನ್ನು ಬದಲಿಸಿ, ನನ್ನ ಹೆಂಡತಿಯ ಪಕ್ಕ ರೊಟ್ಟಿ ಬಡಿಯಲು ಕುಳಿತಳು. ನಾನು ಕೋಣೆಯ ಬಾಗಿಲು ಹಾಕಿಕೊಂಡು ದಿನವಿಡೀ ಅಭ್ಯಾಸ ಮಾಡಿದೆ. ಸಂಜೆ ಏಳು ಗಂಟೆಗೆ ಕೈ ಊರದೆ ಎದ್ದೆ. ಹೆಂಡತಿಯನ್ನು ಸಾಕ್ಷಿಗೆ ಕರೆದು ಮತ್ತೊಮ್ಮೆ ಎದ್ದೆ. ಚಹಾ ಕುಡಿದೆ, ಲೋಟ ತೊಳೆದಿಟ್ಟೆ.