ಆಯಿ ಎರೆಯದೆ ಬಿಟ್ಟ ಹಾಲು

ಬೆಲ್ಲ ಕದಡಿದ ಹಸಿ ಹಾಲು ಹುತ್ತದ ಮಣ್ಣಿನ ಮೇಲೆ ಬಿದ್ದಾಗ ಒಂದು ವಾಸನೆ ಏಳುತ್ತದೆ. ಈ ನಾಗರ ಪಂಚಮಿಗೆ ತಮ್ಮ ಕರೆಯಲು ಬಂದರೂ ತವರಿಗೆ ಹೋಗದೆ ನಾನು ಗೋಕಾಕದ ಗಂಡನ ಮನೆಯಲ್ಲೇ ಉಳಿದೆ. ಮನೆಯ ಹಿಂದೆ, ಬೇವಿನ ಬುಡದ ಹುತ್ತಕ್ಕೆ ಓಣಿಯ ಹೆಂಗಸರು ಹಾಲೆರೆಯುತ್ತಿದ್ದರು. ಆ ವಾಸನೆ ಒಳಗೆ ಬಂದದ್ದೇ ಎದ್ದು ಕಿಟಕಿ ಮುಚ್ಚಿದೆ. ಆದರೂ ಹುಕ್ಕೇರಿ ತಾಲೂಕಿನ ದಡ್ಡಿ ಹತ್ತಿರದ ನಮ್ಮೂರಿನಲ್ಲಿ ಆಯಿ, ಅಂದರೆ ನನ್ನ ಅಪ್ಪನ ತಾಯಿ, ಹುತ್ತದ ಮುಂದೆ ಬಗ್ಗಿ ಕೂತಿರುತ್ತಿದ್ದುದು ಕಣ್ಣಿಗೆ ಕಟ್ಟಿತು.

ಹದಿನಾಲ್ಕು ಮಂದಿಯ ಮನೆ ಅದು. ಅಜ್ಜ ಹೋದ ಮೇಲೆ ಆಯಿಯದೇ ಕಾರುಬಾರು. ಯಾವ ಹೊಲಕ್ಕೆ ಜೋಳ, ಯಾವುದಕ್ಕೆ ಕಬ್ಬು, ಯಾವ ಎತ್ತು ಸಂತೆಗೆ ಎಂಬುದನ್ನೆಲ್ಲ ರೊಟ್ಟಿ ಬಡಿಯುತ್ತಲೇ ತೀರ್ಮಾನಿಸುತ್ತಿದ್ದಳು; ಗಂಡಸರು ಅಡುಗೆಮನೆಯ ಹೊಸ್ತಿಲಲ್ಲಿ ನಿಂತು ಹೂಂಗುಡುತ್ತಿದ್ದರು. ಪಂಚಮಿಯಂದು ಕೊಬ್ಬರಿ ಬಟ್ಟಲಲ್ಲಿ ಹಾಲು ಹಿಡಿದು, ಮನೆಯ ಒಬ್ಬೊಬ್ಬರ ಹೆಸರು ಹೇಳಿ ಹನಿ ಬಿಡಬೇಕು: ದೇವರ ಹಾಲು, ಹಿರಿಯರ ಹಾಲು, ಮಕ್ಕಳ ಹಾಲು, ಸೊಸೆಯಂದಿರ ಹಾಲು. ಮದುವೆಯಾಗಿ ಹೋದ ಹೆಣ್ಣುಮಕ್ಕಳನ್ನೂ ಬಿಡುವಂತಿಲ್ಲ. ಕೊನೆಯದು ಎರೆಯುವವಳ ಸ್ವಂತ ಹಾಲು. ಆಯಿ ಎಮ್ಮೆ, ನಾಯಿಗಳನ್ನೂ ಸೇರಿಸುತ್ತಿದ್ದಳು. ಅಲ್ಲಿಯವರೆಗೆ ಉಂಡಿ ಮುಟ್ಟುವಂತಿರಲಿಲ್ಲ. “ಆಯಿ, ನಾಯಿದು ಆಮ್ಯಾಲೆ ಹಾಕಿದ್ರಾತು, ನನಗ ಹೊಟ್ಟಿ ಹಸದೈತಿ” ಎಂದು ಗೋಗರೆದರೆ, “ನಿನಗಿಂತಾ ಅದ ಶ್ಯಾಣ್ಯಾ ಐತಿ, ಸುಮ್ನ ಕುಂತೈತಿ ನೋಡು” ಎನ್ನುತ್ತಿದ್ದಳು.

ನನಗೆ ಹನ್ನೊಂದು ತುಂಬಿದ ವರ್ಷ, ಕಲ್ಲೋಳಿಗೆ ಕೊಟ್ಟಿದ್ದ ಅಪ್ಪನ ತಂಗಿ ಕಸ್ತೂರಿ ಅತ್ತಿ ತವರಿನ ಹೊಲದಲ್ಲಿ ತನ್ನ ಪಾಲು ಕೇಳಿದಳು. ಕಾನೂನು ಕೊಟ್ಟದ್ದನ್ನೇ ಕೇಳಿದ್ದು, ಜಗಳ ಆಡಿದ್ದೂ ಇಲ್ಲ. ಪಂಚಮಿಯ ಬೆಳಿಗ್ಗೆ ಅಪ್ಪ ಆಯಿಯ ಮುಂದೆ ಬಂದು ನಿಂತ. “ಅವ್ವಾ, ಇನ್ನ ಕಸ್ತೂರಿ ಹೆಸರ್ಲೆ ಹಾಲ ಹಾಕಬ್ಯಾಡ. ಹೊಲಾ ಕೇಳಾಕಿಗೆ ಹಾಲ ಯಾಕ?” ಎತ್ತಿನ ದಲ್ಲಾಳಿಗಳ ಬಾಯಿ ಮುಚ್ಚಿಸುತ್ತಿದ್ದ ಆಯಿ ಆವತ್ತು ತುಟಿಪಿಟಕ್ಕೆನ್ನಲಿಲ್ಲ. ಹುತ್ತದ ಮುಂದೆ ಅಪ್ಪನ ಹೆಸರಾಯಿತು. ಮುಂದಿನದು ಅತ್ತಿಯದು. ಆಯಿಯ ಕೈ ಅಲ್ಲೇ ನಿಂತಿತು, ಆಮೇಲೆ ಕಾಕಾನ ಹೆಸರಿಗೆ ದಾಟಿತು. ಎಲ್ಲರದೂ ಮುಗಿದ ಮೇಲೆ, ತನ್ನ ಹಾಲು ಎರೆಯದೆ ಬಟ್ಟಲು ಕೆಳಗಿಟ್ಟಳು. “ಆಯಿ, ನಿನ್ನ ಹೆಸರು ಉಳೀತು” ಎಂದೆ. “ಹಾಲ ತೀರೇತಿ, ನಡಿ” ಎಂದಳು. ಬಟ್ಟಲಲ್ಲಿ ಇನ್ನೂ ಅರ್ಧ ಹಾಲಿತ್ತು.

ಸಾಯುವವರೆಗೂ ಆಯಿ ಆ ಎರಡು ಹೆಸರು ಹೇಳಲಿಲ್ಲ. ಹಾಲೆರೆಯುವಲ್ಲಿ ಗಂಡಸರು ನಿಲ್ಲುತ್ತಿರಲಿಲ್ಲ, ಹಾಗಾಗಿ ಆಯಿ ತನ್ನ ಹಾಲನ್ನೂ ಬಿಟ್ಟದ್ದು ಅಪ್ಪನಿಗೆ ಗೊತ್ತೇ ಆಗಲಿಲ್ಲ. ಕೇಳಿದವರು ಎಂಥ ತಾಯಿಕರುಳು ಎಂದಾರು. ನನಗೆ ಬಂದದ್ದು ಸಿಟ್ಟು. ಆಕೆ ಒಂದು ಮಾತು ಗದರಿದ್ದರೆ ಅಪ್ಪ ತೆಪ್ಪಗಾಗುತ್ತಿದ್ದ. ತನ್ನ ಹೆಸರನ್ನು ಬಿಟ್ಟುಕೊಟ್ಟಳೇ ಹೊರತು ಮಗಳ ಹೆಸರನ್ನು ಉಳಿಸಲಿಲ್ಲ. ಆಯಿಯ ಮಣ್ಣಿಗೆ ಅತ್ತಿ ಬಂದಳು, ಹೆಣದ ಕಾಲು ಹಿಡಿದು ಅತ್ತಳು, ಸಂಜೆಯ ಬಸ್ಸಿಗೆ ಹೊರಟಳು. ಇರು ಎಂದು ಯಾರೂ ಅನ್ನಲಿಲ್ಲ. ಆಯಿಯ ತೊಡೆಯ ಮೇಲೆ ಬೆಳೆದವಳು ನಾನು. ಆಕೆಯನ್ನು ಕ್ಷಮಿಸದೆಯೇ ಹಿಡಿ ಮಣ್ಣು ಹಾಕಿದೆ.

ಹೋದ ವರ್ಷ ನನ್ನ ಸರದಿ ಬಂತು. ಅಪ್ಪನೂ ಹೋಗಿಯಾಗಿತ್ತು. ತಮ್ಮ ನನ್ನನ್ನು ಹುಕ್ಕೇರಿಯ ನೋಂದಣಿ ಕಚೇರಿಗೆ ಕರೆಸಿ, ಹೊಲದ ಹಕ್ಕು ಬಿಟ್ಟುಕೊಡುವ ಕಾಗದ ಮುಂದಿಟ್ಟ. “ಬರೇ ಒಂದ ಸಹಿ, ಅಕ್ಕಾ. ಪಂಚಮಿಗೆ ನಾನ ಕರ್ಯಾಕ ಬರ್ತೇನಿ” ಎಂದ. ಆಯಿ ಆಡಬೇಕಿತ್ತು ಎಂದು ಇಷ್ಟು ವರ್ಷ ನಾನು ಮನಸ್ಸಿನಲ್ಲಿ ಕೂಡಿಟ್ಟಿದ್ದ ಮಾತುಗಳಲ್ಲಿ ಒಂದೂ ನನ್ನ ಬಾಯಿಗೆ ಬರಲಿಲ್ಲ. ಸಹಿ ಹಾಕಿದೆ. ಗೋಕಾಕದಲ್ಲಿ ಇಳಿದರೂ ಮನೆಗೆ ಹೋಗಲು ಮನಸ್ಸಾಗದೆ, ಮೂಡಲಗಿ ಬಸ್ಸು ಹತ್ತಿ ಕಲ್ಲೋಳಿಯಲ್ಲಿ ಇಳಿದೆ. ಅತ್ತಿಯ ಕೂದಲು ಪೂರ್ತಿ ಬೆಳ್ಳಗಾಗಿತ್ತು. ಚಹಾ ಕೊಟ್ಟಳು, ನನ್ನ ಉಡಿಗೆ ಅಕ್ಕಿ ಹಾಕಿ ಕುಬಸದ ಖಣ ಇಟ್ಟಳು. ಆಗ ಸಹಿ ಹಾಕಿ ಬಂದದ್ದನ್ನು ಹೇಳಿದೆ. ಅತ್ತಿ ಉಡಿಯಿಂದ ಜಾರುತ್ತಿದ್ದ ಖಣವನ್ನು ಒಳಗೆ ಸರಿಸಿದಳು.

“ಚಲೋ ಮಾಡಿದಿ” ಎಂದಳು. “ನಿನಗರ ತವರಮನಿ ಉಳೀತು.”

ಆ ದನಿಯಲ್ಲಿ ಕೊಂಕು ಇರಲಿಲ್ಲ, ಖರೆ ಖರೆ ಸಮಾಧಾನವಿತ್ತು. ಕಪಾಳಕ್ಕೆ ಎರಡು ಬಿಗಿದಿದ್ದರೂ ತಡೆದುಕೊಳ್ಳುತ್ತಿದ್ದೆ.