ಸ್ವಾಮಿ ಎಡಕ್ಕೆ ಹೂ ಕೊಟ್ಟ ಸೋಮವಾರ

ವೀರಭದ್ರಸ್ವಾಮಿಯನ್ನು ನಂಬಿ ಬಾಳುತ್ತಿರುವ ಅಕ್ಕತಂಗಿಯರಿಗೆ, ಅಣ್ಣತಮ್ಮಂದಿರಿಗೆ ಶರಣು. ನನ್ನ ಮಗ ನನ್ನ ಸೊಸೆಯ ಬಲಗೈ ಮುರಿದ. ಜೀಪಿನ ಜಾಕಿ ರಾಡಿನಲ್ಲಿ ಹೊಡೆದು ಮುರಿದ. ಹೆತ್ತ ತಾಯಿಯಾದ ನಾನು ಸ್ವಾಮಿಯ ಮುಂದೆ ನಿಂತು ಕೇಳಿದ್ದು ಒಂದೇ ಮಾತು: ಅವನ ಕೈ ಕಡಿದುಬಿಡು. ಹಾಗೆ ಕೇಳಿದ್ದು ತಪ್ಪು ಎಂದು ನನಗೆ ಈಗಲೂ ಅನ್ನಿಸಿಲ್ಲ. ಸ್ವಾಮಿ ಏನು ಮಾಡಿದ ಎನ್ನುವುದು ನಿಮಗೂ ಗೊತ್ತಾಗಲಿ ಎಂದು ಬರೆಯುತ್ತಿದ್ದೇನೆ.

ನಾನು ನರಸಿಂಹರಾಜಪುರದವಳು. ಪೇಟೆಯಲ್ಲಿ ನಮ್ಮದೊಂದು ಹಿಟ್ಟಿನ ಗಿರಣಿ ಇದೆ. ಯಜಮಾನರು ಲಿಂಗೈಕ್ಯರಾದ ಮೇಲೆ ನಾನೇ ನಡೆಸುತ್ತಿದ್ದೇನೆ. ಅಕ್ಕಿ, ರಾಗಿ, ಬೇಸಿಗೆ ಬಂತೆಂದರೆ ಖಾರದ ಪುಡಿ. ಒಬ್ಬನೇ ಮಗ ಮಂಜುನಾಥ, ಜೀಪು ಬಾಡಿಗೆಗೆ ಓಡಿಸುತ್ತಾನೆ. ಸೊಸೆ ವೀಣಾ ಕಮ್ಮರಡಿಯ ಹುಡುಗಿ, ಕೊಪ್ಪದಲ್ಲಿ ಕಂಪ್ಯೂಟರ್ ಡಿಗ್ರಿ ಮಾಡಿದವಳು. ನಮ್ಮ ಮನೆಗೆ ಬಂದ ಮೇಲೆ ಆ ಓದು ಗಿರಣಿಯ ಕರೆಂಟ್ ಬಿಲ್ಲನ್ನು ಮೊಬೈಲಿನಲ್ಲಿ ಕಟ್ಟಲಿಕ್ಕೆ ಬಿಟ್ಟರೆ ಬೇರೆ ಯಾತಕ್ಕೂ ಒದಗಿರಲಿಲ್ಲ.

ನಮ್ಮ ಓಣಿಯ ಹೆಂಗಸರದ್ದೊಂದು ಬಳಗವಿದೆ. ಸೋಮವಾರದ ದಾಸೋಹದ ಅಡುಗೆಯನ್ನು ನಾವು ಪಾಳಿಯ ಮೇಲೆ ಮಾಡುತ್ತೇವೆ. ಹೋದ ವರ್ಷ ಸಂಕ್ರಾಂತಿ ಕಳೆದ ಮೇಲೆ ಬಳಗಕ್ಕೆ ಶೃಂಗೇರಿ ಹತ್ತಿರದ ಮೆಣಸೆಯಿಂದ ಅನಸೂಯಾ ಎಂಬ ಹೆಣ್ಣುಮಗಳು ಬಂದಳು. ಇಂಜಿನಿಯರು, ಮನೆಯಿಂದಲೇ ಕೆಲಸ ಮಾಡುತ್ತಾಳೆ. ಓಪನ್ ಸೋರ್ಸ್ ಎಂಬ ಬಗೆಯ ತಂತ್ರಾಂಶದ ಬಗ್ಗೆ ಮಾತಾಡಿದಳು. ಅದಕ್ಕೆ ಬೀಗವಿಲ್ಲವಂತೆ. ಯಾರು ಬೇಕಾದರೂ ತೆರೆದು ನೋಡಬಹುದು, ಕೆಟ್ಟಿದ್ದನ್ನು ರಿಪೇರಿ ಮಾಡಿ ಕಳಿಸಬಹುದು, ಹಳಬರು ನೋಡಿ ಸರಿಯಿದೆ ಎಂದರೆ ಅದು ಒಳಗೆ ಸೇರಿ ಎಲ್ಲರಿಗೂ ಸಿಗುತ್ತದೆ. ಆದರೆ ಆ ಕೆಲಸದಲ್ಲಿ ಹೆಂಗಸರೇ ಕಮ್ಮಿ ಎಂದಳು.

"ಮತ್ತೆ ಹೆಂಗಸರು ಯಾಕೆ ಕಮ್ಮಿ?" ಎಂದೆ.

"ಮೊದಲು ಕಲೀಬೇಕಲ್ಲಮ್ಮ, ಅಲ್ಲೀವರೆಗೂ ಸಂಬಳ ಇಲ್ಲ. ಗಂಡಸರು ಆಫೀಸು ಮುಗಿಸಿ ಬಂದು ಕೂರ್ತಾರೆ, ಊಟ ಯಾರೋ ಬಡಿಸ್ತಾರೆ. ಹೊಸದಾಗಿ ಬರೋ ಹೆಣ್ಣುಮಗಳಿಗೆ ಕೂರೋ ಹೊತ್ತನ್ನೇ ಯಾರೂ ಕೊಡಲ್ಲ. ಅವಳ ಖರ್ಚನ್ನೂ ಹೊತ್ತನ್ನೂ ಯಾರಾದ್ರೂ ವಹಿಸ್ಕೊಂಡ್ರೆ ಕಲಿಸೋಕೆ ನಾನು ತಯಾರಿದೀನಿ."

"ಹೊತ್ತು ತಾನೆ? ಅದೆಂತ ದೊಡ್ಡ ವಿಷಯ ಮಾರಾಯ್ತಿ!" ಎಂದುಬಿಟ್ಟೆ.

ಬಳಗ ಒಪ್ಪಿತು. ದಾಸೋಹದ ಸಿಹಿಯನ್ನು ನಿಲ್ಲಿಸಿ ಆ ದುಡ್ಡಿನಲ್ಲಿ ವೀಣಾಗೆ ಒಂದು ಹಳೆಯ ಲ್ಯಾಪ್‌ಟಾಪು, ತಿಂಗಳ ಖರ್ಚು. ದಾಸೋಹಕ್ಕಿದ್ದ ಪಾಳಿಯನ್ನೇ ನಮ್ಮ ಮನೆಗೂ ಹಬ್ಬಿಸಿದೆವು. ದಿನಕ್ಕೊಬ್ಬ ಹೆಂಗಸು ಬೆಳಿಗ್ಗೆ ಬಂದು ನಮ್ಮ ಅಡುಗೆ, ಪಾತ್ರೆ, ಬಟ್ಟೆ ಮುಗಿಸಿ ಹೋಗುತ್ತಿದ್ದಳು. ಅಷ್ಟು ಹೊತ್ತು ವೀಣಾ ಏಳುವಂತಿಲ್ಲ, ಅದೇ ಅವಳ ಕಾಯಕ. ಅನಸೂಯಾ ಅವಳನ್ನು ಹಚ್ಚಿದ್ದು ಅಚ್ಚಾದ ಪುಟದ ಫೋಟೋ ತೆಗೆದರೆ ಗಟ್ಟಿಯಾಗಿ ಓದಿ ಹೇಳುವ ಒಂದು ತಂತ್ರಾಂಶದ ಕೆಲಸಕ್ಕೆ, ಅದು ಕಣ್ಣಿಲ್ಲದವರಿಗಾಗಿ ಮಾಡಿದ್ದು. ಪುಟ ಎಲ್ಲಾದರೂ ಮಡಚಿದ್ದರೆ ಅಲ್ಲಿನ ಸಾಲುಗಳನ್ನು ನುಂಗಿಬಿಡುತ್ತಿತ್ತು. ನುಂಗದ ಹಾಗೆ ಮಾಡುವುದು ವೀಣಾಳ ಪಾಲಿನ ಕೆಲಸ. ಏನು ಮಾಡಿದೆ, ಎಲ್ಲಿ ಸಿಕ್ಕಿಕೊಂಡೆ ಎಂದು ಅವಳು ತನ್ನ ಕೆಲಸದ ಕೆಳಗೆ ದಿನಾ ಬರೆಯಬೇಕು. ಅನಸೂಯಾ ಅದರ ಕೆಳಗೆ ಉತ್ತರ ಬರೆಯುತ್ತಿದ್ದಳು. ಅಲ್ಲಿ ಅವಳು ಇಟ್ಟುಕೊಂಡಿದ್ದ ಹೆಸರು ತನ್ನೂರಿನದೇ, 'ಮೆಣಸೆ' ಅಂತ. ಅವರಿಬ್ಬರ ಮಾತನ್ನು ಲೋಕದಲ್ಲಿ ಯಾರು ಬೇಕಾದರೂ ಓದಬಹುದಿತ್ತು. ಅಲ್ಲಿನ ಪದ್ಧತಿಯೇ ಹಾಗಂತೆ.

ಮಂಜುನಾಥನ ಹೊಟ್ಟೆಗೆ ಬೆಂಕಿ ಬಿತ್ತು. "ನನ್ನ ಮನೇಲಿ ಊರೋರು ಯಾಕೆ ಬೇಯಿಸಬೇಕು? ನಾನೇನು ಸತ್ತಿದೀನ?" ಎಂದು ಒಂದು ದಿನ ಕುದಿಯುವ ಸಾರಿನ ಪಾತ್ರೆಯನ್ನು ಗೋಡೆಗೆ ಎತ್ತಿ ಎಸೆದ. ಪಾಳಿಗೆ ಬಂದಿದ್ದ ಹೆಂಗಸಿನ ಕಾಲು ಬೊಬ್ಬೆ ಎದ್ದಿತು. ತಡೆಯಲು ಹೋದ ವೀಣಾಳ ಕೆನ್ನೆಗೆ ಬಾರಿಸಿದ. ನಾನು ಗಿರಣಿಯ ಹಳೇ ಬೆಲ್ಟು ತಂದು ಅವನ ಬೆನ್ನಿಗೆ ಬರೆ ಏಳುವ ಹಾಗೆ ಬಾರಿಸಿದೆ. ಅವನು ಬೆಲ್ಟು ಕಿತ್ತುಕೊಂಡು ನನ್ನನ್ನು ಬಾಗಿಲಿಗೆ ನೂಕಿದ.

ಆಮೇಲೆ ಅವಳ ಫೋನು ಕಸಿದು ನೋಡುವುದು ಶುರುವಾಯಿತು. "ಈ ಮೆಣಸೆ ಯಾರು? ದಿನಾ 'ಚೆನ್ನಾಗಿದೆ, ಇನ್ನೊಂಚೂರು ತಿದ್ದಿ' ಅಂತ ಬರೀತಾನಲ್ಲ, ಯಾವನವನು?"

"ಅನಸೂಯಕ್ಕ ರೀ. ಅವರೇ ರೀ ಅದು."

"ಹೆಂಗಸು ಹಿಂಗೆ ಬರೀತಾಳಾ?" ಎಂದು ಇನ್ನೊಂದು ಬಿಟ್ಟ.

ಶಿವರಾತ್ರಿ ಕಳೆದು ಬಿಸಿಲು ಏರುವ ಕಾಲ. ಗಿರಣಿಯ ಬೇರಿಂಗ್ ಹೋಯಿತೆಂದು ನಾನು ಕೊಪ್ಪಕ್ಕೆ ಹೋಗಿದ್ದೆ. ಬೇರಿಂಗನ್ನು ಮಡಿಲಲ್ಲಿಟ್ಟುಕೊಂಡು ಬಸ್ಸಿನಲ್ಲಿ ವಾಪಸು ಬರುತ್ತಿದ್ದಾಗ ಪಕ್ಕದ ಮನೆಯವಳ ಫೋನು. "ನಿಮ್ಮ ಸೊಸೇನ ಆಸ್ಪತ್ರೆಗೆ ಸೇರಿಸಿದಾರೆ, ಅಲ್ಲಿಗೇ ಬನ್ನಿ." ಬಸ್ಸು ಪ್ರತಿ ಸ್ಟಾಪಿನಲ್ಲೂ ನಿಂತಿತು. ಎದ್ದು ಹೋಗಿ ಡ್ರೈವರನ ಕುತ್ತಿಗೆ ಹಿಸುಕಬೇಕು ಅನ್ನಿಸಿತು, ಪಾಪ, ಅವನದೇನು ತಪ್ಪು.

ವೀಣಾಳ ಮುಂಗೈ ಮೂಳೆ ಚರ್ಮ ಹರಿದು ಹೊರಗೆ ಬಂದಿತ್ತು. ಬೆರಳುಗಳು ಕಪ್ಪಾಗಿ ಊದಿದ್ದವು. ನನ್ನ ಮುಖ ನೋಡದೆ, "ಬಚ್ಚಲಲ್ಲಿ ಜಾರಿದೆ ಅತ್ತೆ," ಎಂದಳು. ಮಂಜುನಾಥ ಎಳನೀರು ಹಿಡಿದುಕೊಂಡು ಕಣ್ಣೊರೆಸಿಕೊಳ್ಳುತ್ತಾ ನಿಂತಿದ್ದ. ಮನೆಗೆ ಹೋಗಿ ನೋಡಿದರೆ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಲ್ಯಾಪ್‌ಟಾಪು ಜಜ್ಜಿ ನುಚ್ಚಾಗಿ ಬಿದ್ದಿತ್ತು.

"ಲ್ಯಾಪ್‌ಟಾಪೂ ಬಚ್ಚಲಲ್ಲಿ ಜಾರಿತೇನೋ?" ಎಂದು ಕೇಳಿದೆ. ಅವನು ಜೀಪು ಹತ್ತಿ ಹೊರಟುಹೋದ.

ಶಿವಮೊಗ್ಗಕ್ಕೆ ಕರೆದುಕೊಂಡು ಹೋಗಿ ಆಪರೇಷನ್ ಮಾಡಿಸಿ ಪ್ಲೇಟು ಹಾಕಿಸಿದೆವು. ಬೆರಳು ಮೊದಲಿನ ಹಾಗೆ ಆಡುತ್ತವೋ ಇಲ್ಲವೋ ಈಗಲೇ ಹೇಳಲಿಕ್ಕಾಗದು ಎಂದರು ಡಾಕ್ಟರು. ವೀಣಾಳನ್ನು ನಮ್ಮೂರ ಆಸ್ಪತ್ರೆಗೇ ವಾಪಸು ತಂದ ಮೇಲೆ ಪೊಲೀಸರ ಹತ್ತಿರವೂ ಹೋದೆ. ಅಲ್ಲಿದ್ದ ಹೆಣ್ಣು ಅಧಿಕಾರಿ ಕೂರಿಸಿ ಮಾತಾಡಿಸಿದಳು. "ನಾವು ಬಂದು ಕೇಳಿದ್ವಲ್ಲಮ್ಮ, ಅವರೇ ಜಾರಿ ಬಿದ್ದೆ ಅಂತಾರೆ. ನೀವು ಕಣ್ಣಾರೆ ನೋಡಿದ್ರಾ?" ನಾನು ನೋಡಿರಲಿಲ್ಲ. ವೀಣಾಳ ಹಾಸಿಗೆಯ ಪಕ್ಕ ಕೂತು ಬೇಡಿಕೊಂಡೆ, ಬೈದೆ. ಅವಳು ಗೋಡೆಯ ಕಡೆಗೆ ತಿರುಗಿ ಮಲಗಿದಳು. ಅವಳು ಯಾರಿಗಾಗಿ ಬಾಯಿ ಮುಚ್ಚಿಕೊಂಡಿದ್ದಾಳೆ ಎಂದು ನನಗೆ ಆಗ ತಿಳಿಯದೇ ಹೋಯಿತು. ಇಂಥ ಅಸಹಾಯಕತೆ ಶತ್ರುವಿಗೂ ಬೇಡ.

ಸೋಮವಾರ ಬೆಳಿಗ್ಗೆ ಸ್ನಾನ ಮಾಡಿ ಒದ್ದೆ ತಲೆಯಲ್ಲೇ ಗುಡಿಗೆ ಹೋದೆ. ನಮ್ಮಲ್ಲಿ ಸ್ವಾಮಿಯ ಹತ್ತಿರ ಹೂ ಕೇಳುವ ಪದ್ಧತಿ ಇದೆ. ಮನಸ್ಸಿನ ಬೇಡಿಕೆ ಹೇಳಿಕೊಂಡು ಕಾಯಬೇಕು. ಬಲಗಡೆಯ ಹೂ ಬಿದ್ದರೆ ನಡೆಸಿಕೊಡುತ್ತಾನೆ, ಎಡಗಡೆಯದು ಬಿದ್ದರೆ ಇಲ್ಲ ಎಂದರ್ಥ. ಮನಸ್ಸಿನಲ್ಲಿ ಹೇಳಿಕೊಳ್ಳುವ ತಾಳ್ಮೆ ನನಗಿರಲಿಲ್ಲ.

"ದಕ್ಷ ನಿನ್ನ ತಾಯಿಗೆ ಅವಮಾನ ಮಾಡಿದ್ದಕ್ಕೆ ಅವನ ತಲೆ ಹಾರಿಸಿದವನು ನೀನು," ಎಂದು ಕೂಗಿದೆ. "ನನ್ನ ಮಗ ನನ್ನ ಸೊಸೆ ಕೈ ಮುರಿದಿದಾನೆ. ಅವನ ಬಲಗೈ ಕಡಿ. ದಕ್ಷನಿಗೆ ಟಗರಿನ ತಲೆ ಇಟ್ಟ ಹಾಗೆ ನನ್ನ ಮಗನಿಗೆ ಬೇರೆ ಕೈ ಇಡಬೇಡ. ಮೊಂಡಾಗೇ ಇರಲಿ!"

ಅಯ್ಯನವರು ಆರತಿ ತಟ್ಟೆ ಹಿಡಿದು ದಂಗಾಗಿ ನಿಂತರು. "ಹೆತ್ತವಳು ಹಿಂಗೆ ಕೇಳ್ತಾರಾ ತಾಯಿ?"

"ಹೆತ್ತವಳೇ ಕೇಳಬೇಕು ಅಯ್ನೋರೇ. ಬೇರೆಯವರಿಗೆ ಆ ಹಕ್ಕಿಲ್ಲ."

ಕಾದೆ. ಸ್ವಾಮಿಯ ಎಡಭುಜದ ಮೇಲಿದ್ದ ಕೆಂಪು ಕಣಗಿಲೆ ಹೂವು ಜಾರಿ ಪಾದದ ಹತ್ತಿರ ಬಿತ್ತು. ಇಲ್ಲ ಎಂದ. ನನಗೆ ಮೈಯೆಲ್ಲ ಉರಿದುಹೋಯಿತು. "ನಿನ್ನ ಕೈಯಲ್ಲಿ ಆ ಕತ್ತಿ ಮತ್ಯಾತಕ್ಕೆ, ಸೊಪ್ಪು ಹೆಚ್ಚೋದಕ್ಕಾ?" ಎಂದು ಬೈದು, ತೀರ್ಥ ತೆಗೆದುಕೊಳ್ಳದೆ ಹೊರಟುಬಂದೆ. ಜೀವಮಾನದಲ್ಲಿ ಹಾಗೆ ಬಂದದ್ದು ಅದೊಂದೇ ಸಲ. ನಮಗೆ ಇನ್ನು ಯಾರೂ ದಿಕ್ಕಿಲ್ಲ ಎಂದು ದಾರಿಯುದ್ದಕ್ಕೂ ಅತ್ತೆ.

ಮಾರನೆಯ ದಿನ ಗಿರಣಿಯಲ್ಲಿ ಬ್ಯಾಡಗಿ ಮೆಣಸಿನಕಾಯಿ ಬೀಸುತ್ತಿದ್ದೆ. ಮೂಗಿಗೆ ಬಟ್ಟೆ ಕಟ್ಟಿದ್ದೆ. ಹಿಟ್ಟಿಗೆ ಬಂದ ನಾಲ್ಕಾರು ಹೆಂಗಸರು ಹೊರಗೆ ಜಗಲಿಯ ಮೇಲೆ ಕೂತಿದ್ದರು. ಆಗ ಅನಸೂಯಾ ಓಡಿಕೊಂಡು ಬಂದಳು. ಮೆಣಸೆಯಿಂದ ಶೃಂಗೇರಿ, ಅಲ್ಲಿಂದ ಕೊಪ್ಪ, ಅಲ್ಲಿಂದ ಇಲ್ಲಿಗೆ ಬಸ್ಸು ಬದಲಿಸಿ ಬಂದಿದ್ದಳು.

"ವೀಣಾ ಬದುಕಿದಾಳಾ ಅಮ್ಮ?" ಅದೇ ಅವಳ ಮೊದಲ ಮಾತು.

ಮೋಟಾರು ನಿಲ್ಲಿಸಿದೆ. ಅವಳು ತನ್ನ ಕಂಪ್ಯೂಟರು ತೆರೆದು ತೋರಿಸಿದಳು. ವೀಣಾಳ ಫೋನು ಮಂಜುನಾಥನ ಹತ್ತಿರ ಇತ್ತಲ್ಲ, ಅದರಿಂದ ಅವನು ಆ ಮೆಣಸೆ ಎಂಬ ಗಂಡಸಿಗೆ ಬೆದರಿಕೆ ಹಾಕಿದ್ದ. ವಾಟ್ಸಾಪಿನ ಹಾಗೆ ಇಬ್ಬರ ನಡುವೆಯೇ ಉಳಿಯುತ್ತದೆ ಎಂದುಕೊಂಡು, ವೀಣಾಳ ಕೆಲಸದ ಕೆಳಗೆ, ಲೋಕವೆಲ್ಲ ಓದುವ ಜಾಗದಲ್ಲಿ ಬರೆದಿದ್ದ. ಓದಿದೆ.

"ಲೋ ಮೆಣಸೆ, ನಾನು ವೀಣಾ ಗಂಡ ಮಂಜುನಾಥ. ಜಾಕಿ ರಾಡಲ್ಲಿ ಅವಳ ಬಲಗೈ ಮುರಿದಿದೀನಿ, ಇನ್ನು ನಿನಗೆ ಬರೆಯಲ್ಲ. ಬಾಯಿ ಬಿಟ್ಟರೆ ನಮ್ಮಮ್ಮನ ತಲೆಗೂ ಅದೇ ರಾಡು ಅಂತ ಹೇಳಿದೀನಿ. ಮುಂದಿನ ಸರದಿ ನಿಂದು. ಎಲ್ಲಿದೀಯ ಹೇಳು."

ನನ್ನ ಜೀವಕ್ಕಾಗಿ ಆ ಹುಡುಗಿ ಗೋಡೆಯ ಕಡೆ ತಿರುಗಿ ಮಲಗಿದ್ದಳು.

ಕೆಳಗೆ ಎಲ್ಲೆಲ್ಲಿಯವರೋ ಬರೆದಿದ್ದರು. ವೀಣಾ ಎಲ್ಲಿದ್ದಾರೆ, ಹತ್ತಿರದವರು ಯಾರಾದರೂ ಹೋಗಿ ನೋಡಿ ಎಂದು. ಅದನ್ನು ಕಂಡು ಅವನು ಗಾಬರಿಬಿದ್ದು ತಾನು ಬರೆದಿದ್ದನ್ನು ಅಳಿಸಿದ್ದನಂತೆ. ಆದರೆ ಅಲ್ಲಿ ಏನು ಬರೆದರೂ ಆ ಕೆಲಸದಲ್ಲಿರುವ ಎಲ್ಲರಿಗೂ ಮೇಲ್ ಹೋಗುತ್ತದೆ. ಅಷ್ಟೂ ಜನರ ಹತ್ತಿರ ಅದು ಹಾಗೇ ಇತ್ತು. ಬರೆದ ಸಮಯವೂ ಇತ್ತು. ಸೋಮವಾರ ಬೆಳಿಗ್ಗೆ, ನನಗೆ ಗುಡಿಯಲ್ಲಿ ಎಡಗಡೆಯ ಹೂ ಬಿದ್ದ ಹೊತ್ತು.

ರೋಮ ನಿಮಿರಿ ನಿಂತಿದ್ದಾಗಲೇ ಮಂಜುನಾಥ ಒಳಗೆ ಬಂದ. ಜಗಲಿಯವರು ಮಾತಾಡಿಕೊಂಡದ್ದು ಕಿವಿಗೆ ಬಿದ್ದಿತ್ತೋ ಏನೋ, ಕೈಯಲ್ಲಿ ರಾಡು ಇತ್ತು.

"ಯಾರಿವಳು?"

"ಎಲ್ಲಿದೀಯ ಅಂತ ಕೇಳಿದ್ದೆಯಲ್ಲ," ಎಂದೆ. "ಬಂದಿದಾಳೆ ನೋಡು. ಇವಳೇ ಮೆಣಸೆ."

ಅವನ ಮುಖ ಬಿಳಿಚಿಕೊಂಡಿತು, ಮರುಕ್ಷಣ ಕೆಂಪಾಯಿತು. ಅನಸೂಯಾಳ ಜಡೆ ಹಿಡಿದೆಳೆದು ಅವಳ ತಲೆಯನ್ನು ಗಿರಣಿಯ ಕಬ್ಬಿಣಕ್ಕೆ ಕುಟ್ಟಿದ. ರಕ್ತ ಚಿಮ್ಮಿತು. ರಾಡು ಎತ್ತಿದ. ನಾನು ಡಬ್ಬದಲ್ಲಿದ್ದ ಬಿಸಿ ಖಾರದ ಪುಡಿಯನ್ನು ಎರಡು ಬೊಗಸೆ ತುಂಬಿ ಅವನ ಕಣ್ಣಿಗೇ ಎರಚಿದೆ. ಅವನು ಕಿರುಚಿಕೊಂಡು ಬಿದ್ದ. ಜಗಲಿಯ ಹೆಂಗಸರು ಒಳನುಗ್ಗಿ ಅವನ ಮೇಲೆ ಕೂತರು. ಕಾಲು ಬೊಬ್ಬೆ ಎದ್ದವಳೂ ಅವರಲ್ಲಿದ್ದಳು, ಅವಳು ಎದೆಯ ಮೇಲೇ ಕೂತಳು. ಹಳೇ ಬೆಲ್ಟಿನಲ್ಲಿ ಕೈ ಕಟ್ಟಿದೆವು. ಪೊಲೀಸರು ಬರುವವರೆಗೂ ಕೊಡಗಟ್ಟಲೆ ನೀರು ಸುರಿದು ಅವನ ಕಣ್ಣು ತೊಳೆದವಳೂ ನಾನೇ. "ಅಮ್ಮಾ, ಅಮ್ಮಾ" ಎಂದು ಕೂಗುತ್ತಿದ್ದ. ಚಿಕ್ಕಂದಿನಲ್ಲಿ ತಲೆಗೆ ನೀರು ಹಾಕುವಾಗಲೂ ಹಾಗೇ ಕೂಗುತ್ತಿದ್ದ. ಅಳುತ್ತಲೇ ತೊಳೆದೆ.

ತಲೆಗೆ ಹೊಲಿಗೆ ಹಾಕಿಸಿಕೊಂಡ ಅನಸೂಯಾಳ ಜೊತೆ ಆಸ್ಪತ್ರೆಗೆ ಹೋಗಿ ವೀಣಾಗೆ ಎಲ್ಲ ಹೇಳಿದೆ. ಅವಳು ಕೇಳಿದ್ದು, "ಅವರು ನಿಮ್ಮ ಹತ್ರ ಬರಕ್ಕಾಗಲ್ವಾ ಅತ್ತೆ ಇನ್ನು?"

"ಇಲ್ಲ ಕಣೇ. ಕರ್ಕೊಂಡು ಹೋದ್ರು."

"ಹಂಗಾದ್ರೆ ಪೊಲೀಸ್ ಮೇಡಂನ ಕರೀರಿ. ಹೇಳ್ತೀನಿ." ಎಲ್ಲವನ್ನೂ ಹೇಳಿದಳು, ಒಂದೂ ಬಿಡಲಿಲ್ಲ.

ಕೇಸು ನಡೆಯುತ್ತಿದೆ. ನಾನು ಜಾಮೀನಿಗೆ ಹೋಗಿಲ್ಲ, ಸಾಕ್ಷಿಗೆ ಹೋಗುತ್ತೇನೆ. ಒಡೆದ ಲ್ಯಾಪ್‌ಟಾಪಿನ ಜೊತೆ ವೀಣಾಳ ಕೆಲಸವೂ ಹೋಯಿತೆಂದು ನಾನು ಹೊಟ್ಟೆ ಉರಿದುಕೊಂಡಿದ್ದೆ. ಅದೂ ಹೋಗಿರಲಿಲ್ಲ. ಮಾಡಿದ್ದನ್ನೆಲ್ಲ ಅವಳು ಆಗಿಂದಾಗಲೇ ಆ ಎಲ್ಲರ ಜಾಗಕ್ಕೆ ಕಳಿಸಿಬಿಟ್ಟಿದ್ದಳು. ಉಳಿದದ್ದನ್ನು ಅನಸೂಯಾಳ ಕಂಪ್ಯೂಟರಿನಲ್ಲಿ ಎಡಗೈಯಿಂದ ಮುಗಿಸಿದಳು. ಪಾಳಿಯ ಹೆಂಗಸರು ಒಬ್ಬರಾದ ಮೇಲೊಬ್ಬರು ಪಕ್ಕದಲ್ಲಿ ಕೂತು ಅವಳ ಬಲಗೈ ಬೆರಳುಗಳನ್ನು ಎಣ್ಣೆ ಹಚ್ಚಿ ನೀವಿದರು. ಕೆಲಸ ಒಳಗೆ ಸೇರಿತು ಎಂದು ಸುದ್ದಿ ಬಂದ ದಿನ ನಾನು ಗಿರಣಿಯ ಒಂದು ಹಳೇ ರಸೀದಿಯನ್ನು ಬೇಕೆಂದೇ ಮಡಚಿ ಫೋಟೋ ತೆಗೆದೆ. ಒಂದು ಸಾಲನ್ನೂ ನುಂಗದೆ ಓದಿತು. ಈಗ ಅವಳ ತೋರುಬೆರಳು ಹೆಬ್ಬೆರಳು ಚೆನ್ನಾಗಿ ಆಡುತ್ತವೆ, ಉಳಿದವೂ ಮೆಲ್ಲಗೆ ಬರುತ್ತಿವೆ. ಈ ವರ್ಷ ಬಳಗ ಇನ್ನಿಬ್ಬರು ಹುಡುಗಿಯರನ್ನು ವಹಿಸಿಕೊಂಡಿದೆ. ಅವರಿಗೆ ಕಲಿಸುವವಳು ವೀಣಾ. ದಾಸೋಹದಲ್ಲಿ ಇನ್ನೂ ಸಿಹಿಯಿಲ್ಲ, ಯಾರೂ ಕೇಳಿಯೂ ಇಲ್ಲ.

ವೀಣಾ ಮನೆಗೆ ಬಂದ ಸೋಮವಾರ ಗುಡಿಗೆ ಹೋಗಿ, ಬಿಟ್ಟುಬಂದಿದ್ದ ತೀರ್ಥ ಕೇಳಿ ತೆಗೆದುಕೊಂಡೆ. ನಾನು ಕೈ ಕಡಿ ಎಂದೆ. ಸ್ವಾಮಿ ಇಲ್ಲ ಎಂದ, ಆ ಕೈಯನ್ನು ಹಾಗೇ ಇಟ್ಟು ಅದರಿಂದಲೇ ನಿಜ ಬರೆಸಿದ. ಕಡಿದಿದ್ದರೆ ನನ್ನ ಸಿಟ್ಟು ಇಳಿಯುತ್ತಿತ್ತು, ವೀಣಾ ಮಾತ್ರ ಬಚ್ಚಲಲ್ಲಿ ಜಾರಿದವಳಾಗಿಯೇ ಉಳಿಯುತ್ತಿದ್ದಳು. ಇನ್ನು ಅವನು ಎಡಕ್ಕೆ ಹೂ ಕೊಟ್ಟರೂ ಕಣ್ಣಿಗೊತ್ತಿಕೊಳ್ಳುತ್ತೇನೆ.

ಹೋದ ಸೋಮವಾರ ಅಯ್ಯನವರು ಪ್ರಸಾದವನ್ನು ಎರಡು ಪೊಟ್ಟಣ ಕಟ್ಟಿಕೊಟ್ಟರು. ಒಂದನ್ನು ವೀಣಾಗೆ ಕೊಟ್ಟೆ. ಇನ್ನೊಂದನ್ನು ತೆಗೆದುಕೊಂಡು ಮೊನ್ನೆ ಮೊದಲ ಸಲ ಜೈಲಿಗೆ ಹೋಗಿದ್ದೆ. ಅವನು ತಲೆ ತಗ್ಗಿಸಿ ಎಡಗೈ ಚಾಚಿದ.

"ಬಲಗೈ ಚಾಚೋ," ಎಂದೆ. "ಅದು ನಾನು ಬೇಡ ಅಂದ್ರೂ ಸ್ವಾಮಿ ಉಳಿಸಿಕೊಟ್ಟ ಕೈ."